ಬೋರಲು ಹಾಕಿದ ಬಟ್ಟಲು

ನಮ್ಮ ಅಜ್ಜಿ ತೊಳೆದ ಪಾತ್ರೆಯನ್ನು ಎಂದೂ ಅಂಗಾತ ಇಟ್ಟವರಲ್ಲ. ಶಿವಮೊಗ್ಗೆಯ ನಮ್ಮ ಹಳೆಯ ಮನೆಯ ಹಿತ್ತಿಲಲ್ಲಿ, ಬಾವಿಕಟ್ಟೆಗೆ ಹೊಂದಿಕೊಂಡಂತೆ ಒಂದು ಕಲ್ಲುಚಪ್ಪಡಿಯಿದ್ದಿತು. ಹುಣಿಸೆಹಣ್ಣು ಬೂದಿಗಳಿಂದ ಉಜ್ಜಿ, ಮೂರು ನೀರಿನಲ್ಲಿ ಜಾಲಾಡಿದ ಲೋಟ ತಂಬಿಗೆಗಳನ್ನು ಅವರು ಆ ಚಪ್ಪಡಿಯ ಮೇಲೆ ಸಾಲಾಗಿ ಬೋರಲು ಹಾಕುತ್ತಿದ್ದರು. ಏಕೆಂದು ನಾನು ಕೇಳಿದ್ದಕ್ಕೆ ಅವರು ಕೊಟ್ಟ ಉತ್ತರ ಅಡಿಗೆಮನೆಯ ಉತ್ತರವೇ ಹೊರತು ವೇದಾಂತವಲ್ಲ: “ಅಂಗಾತ ಇಟ್ಟರೆ ಧೂಳು ಕೂರುತ್ತೆ. ಒಳಗೆ ಪೆಟ್ಟಿಗೇಲಿ ಇಟ್ಟರೆ ಬೇಕಾದಾಗ ಕೈಗೆ ಸಿಗೋಲ್ಲ. ಬೋರಲು ಹಾಕಿದ್ದಾದರೆ, ಬಾಯಾರಿ ಬಂದೋರಿಗೆ ಎತ್ತಿ ನೀರು ಕೊಡಬಹುದಲ್ಲೋ!”

ಅಜ್ಜಿ ತಮ್ಮ ಯೌವನದಲ್ಲಿ ವೆಸ್ಲಿಯನ್ ಮಿಶನ್ನಿನ ಬೈಬಲ್ ವುಮನ್ ಆಗಿದ್ದವರು. ಅಂದರೆ, ಬಿಳಿಯ ಸೀರೆಯುಟ್ಟು, ಒಂದು ಬಟ್ಟೆಯ ಚೀಲದಲ್ಲಿ ಸುವಾರ್ತೆಯ ಪುಸ್ತಕವನ್ನೂ ಇನ್ನೊಂದರಲ್ಲಿ ಹುಣ್ಣು ಕಜ್ಜಿಗಳಿಗೆ ಹಚ್ಚುವ ಮುಲಾಮನ್ನೂ ಇಟ್ಟುಕೊಂಡು, ತುಂಗೆಯ ದಡದ ಕೇರಿಗಳಲ್ಲಿ ಮನೆಯಿಂದ ಮನೆಗೆ ಹೋಗಿ ಹೆಂಗಸರೊಡನೆ ಕುಳಿತು ಮಾತನಾಡಿ ಬರುವ ಕೆಲಸ. ಯಾವ ಚೀಲಕ್ಕೆ ಹೆಚ್ಚು ಬೇಡಿಕೆಯಿತ್ತೆಂಬುದನ್ನು ಅವರೇ ನಗುತ್ತ ಹೇಳುತ್ತಿದ್ದರು. 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ಮೆಥಡಿಸ್ಟರೂ ಆಂಗ್ಲಿಕನರೂ ಇತರರೂ ಕೂಡಿ ದಕ್ಷಿಣ ಇಂಡಿಯಾ ಸಭೆಯೆಂಬುದು ರೂಪುಗೊಂಡು, ನಮ್ಮ ದೇವಾಲಯದ ಬೋರ್ಡಿನ ಮೇಲಿನ ಹೆಸರು ಬದಲಾದ ಮೇಲೆಯೂ ಅಜ್ಜಿಯ ಬಾಯಲ್ಲಿ ಅದು ‘ಮಿಶನ್ನೇ’. ಕೆಲಸದಿಂದ ನಿವೃತ್ತರಾದ ಮೇಲೆ ಅವರಿಗೆ ಉಳಿದುದು ಒಂದೇ ಹೊಣೆ. ಕರ್ತನ ಭೋಜನದ ಪಾತ್ರೆಗಳನ್ನು ನೋಡಿಕೊಳ್ಳುವುದು. ಬೆಳ್ಳಿಯ ಮುಲಾಮಿನ ಒಂದು ಬಟ್ಟಲು, ಒಂದು ತಟ್ಟೆ, ಒಂದು ಹೂಜಿ. ಸಂಸ್ಕಾರದ ಭಾನುವಾರಕ್ಕೆ ಎರಡು ದಿನ ಮುಂಚೆಯೇ ಒಣದ್ರಾಕ್ಷಿಯನ್ನು ತೊಳೆದು, ನೆನೆಹಾಕಿ, ಕಿವುಚಿ, ಕುದಿಸಿ, ಬಿಳಿಯ ಮಲ್ಲಿನಲ್ಲಿ ಸೋಸಿ ರಸವನ್ನು ಸಿದ್ಧಪಡಿಸುವುದೂ ಅವರದೇ. ಆ ಎರಡು ದಿನ ನಮ್ಮ ಮನೆಯಲ್ಲಿ ಹರಡುತ್ತಿದ್ದ ಸಿಹಿಹುಳಿಯ ವಾಸನೆಯೇ ಪರಿಶುದ್ಧತೆಯೆಂಬ ಪದಕ್ಕೆ ನನ್ನ ಬಾಲ್ಯ ಕೊಟ್ಟ ಮೊದಲ ಅರ್ಥ.

ಪಕ್ಕದ ಮನೆಯವರು ಬಹಳ ಮಡಿವಂತರು. ಆ ಮನೆಯ ಅಮ್ಮ ನಸುಕಿನಲ್ಲಿ ಒದ್ದೆಯುಟ್ಟು ನೀರು ಸೇದುವಾಗ ನಾವು ಮಕ್ಕಳು ಬೇಲಿಯ ಹತ್ತಿರ ಸುಳಿಯುವಂತಿರಲಿಲ್ಲ. ಸುಳಿದರೆ ಕೊಡದ ನೀರೆಲ್ಲ ಚೆಲ್ಲಿ ಮತ್ತೆ ಮೊದಲಿನಿಂದ ಸೇದಬೇಕು. ಆಕೆ ಕೆಟ್ಟವರಲ್ಲ, ನನಗೆ ಜ್ವರ ಬಂದಾಗ ಬೇಲಿಯ ಮೇಲಿಂದಲೇ ಮೆಣಸಿನ ಸಾರನ್ನು ಬಗ್ಗಿಸಿಕೊಟ್ಟು ಹೋಗುತ್ತಿದ್ದವರು. ಆದರೂ ಹುಡುಗನ ಮನಸ್ಸಿಗೆ ಅದು ನೋವು. ಒಂದು ದಿನ ಅಜ್ಜಿಯನ್ನು ಕೇಳಿದೆ: “ನಮ್ಮಲ್ಲಿ ಏಕೆ ಮಡಿ ಇಲ್ಲ?” ಅಜ್ಜಿ ದ್ರಾಕ್ಷಿ ಆರಿಸುವುದನ್ನು ನಿಲ್ಲಿಸದೆಯೇ ಹೇಳಿದರು: “ಇಲ್ಲ ಅಂತ ಯಾರು ಹೇಳಿದ್ದು? ಇದೆ ಕಣೋ. ಅವರದು ಮುಟ್ಟಿದರೆ ಕೆಡೋ ಮಡಿ. ನಮ್ಮದು ಮುಟ್ಟದಿದ್ದರೆ ಕೆಡೋ ಮಡಿ.” ಕುಷ್ಠರೋಗಿಯನ್ನು ಸ್ವಾಮಿ ದೂರದಿಂದಲೇ ಮಾತಿನಿಂದ ಗುಣಪಡಿಸಬಹುದಾಗಿದ್ದರೂ ಕೈಚಾಚಿ ಮುಟ್ಟಿದನೆಂಬ ಕಥೆಯನ್ನು ಅವರು ಆ ದಿನ ಹೇಳಲಿಲ್ಲ, ಹೇಳಬೇಕಾಗಿರಲೂ ಇಲ್ಲ, ಅದು ನನಗೆ ಕಂಠಪಾಠವಾಗಿದ್ದಿತು. ಅಲ್ಲಮನೂ ಅಕ್ಕನೂ ಹುಟ್ಟಿದ ಈ ಸೀಮೆಯಲ್ಲಿ ಅಂತರಂಗ ಬಹಿರಂಗಗಳ ಶುದ್ಧಿಯ ಮಾತು ಹಳ್ಳಿಯ ಮುದುಕರ ಬಾಯಲ್ಲಿಯೂ ಸಲೀಸಾಗಿ ಬರುವಂಥದು. ಅಜ್ಜಿಗೂ ಆ ಗಾಳಿ ತಗುಲಿರಬೇಕೆಂದು ಈಗ ನನಗೆ ತೋರುತ್ತದೆ.

ನನ್ನ ತಂದೆಯವರ ಶಿಕ್ಷಣ ಬೇರೆಯ ತೆರನಾದುದು. ಅವರು ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಕೆಲಸಗಾರರು. ನಾನು ಓದಿನ ನೆಪದಿಂದ ಅಜ್ಜಿಯೊಡನೆ ಶಿವಮೊಗ್ಗೆಯಲ್ಲಿದ್ದು, ಶನಿವಾರ ಸಂಜೆ ಬೀರೂರಿನ ಕಡೆಗೆ ಹೋಗುವ ಮೀಟರ್ ಗೇಜಿನ ಗಾಡಿ ಹತ್ತಿ ಭದ್ರಾವತಿಗೆ ಹೋಗುತ್ತಿದ್ದೆ. ಒಂದು ಕಾಲಕ್ಕೆ ಬೆಂಕಿಪುರವೆನಿಸಿಕೊಂಡಿದ್ದ ಆ ಊರಿಗೆ ಹಳೆಯ ಹೆಸರೇ ಒಪ್ಪುವಂತಿತ್ತೆಂದು, ರಾತ್ರಿಯ ಪಾಳಿಯಲ್ಲಿ ಕಿಟ್ಟವನ್ನು ಸುರಿದಾಗ ಕೆಂಪೇರುತ್ತಿದ್ದ ಆಕಾಶವನ್ನು ಕಂಡವರೆಲ್ಲರೂ ಒಪ್ಪಿಯಾರು. ವಿಶ್ವೇಶ್ವರಯ್ಯನವರ ಕನಸಿನ ಆ ಕಾರ್ಖಾನೆ ಕೆಲಸಕ್ಕೆ ತೊಡಗಿದುದು 1923ರ ಜನವರಿ 18ರಂದು. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಮರದ ಇದ್ದಿಲು; ಕಲ್ಲಿದ್ದಲಿಲ್ಲದ ನಾಡಿನಲ್ಲಿ ಕಾಡನ್ನೇ ಸುಟ್ಟು ಕಬ್ಬಿಣ ಕರಗಿಸಿದ ಸಾಹಸವದು. ಆ ಸಾಹಸಕ್ಕೆ ಕಾಡು ತೆತ್ತ ಬೆಲೆಯ ಲೆಕ್ಕವನ್ನು ನಾವಾರೂ ಆಗ ಹಾಕಲಿಲ್ಲ.

ಆಯುಧಪೂಜೆಯ ದಿನ ಕೆಲಸಗಾರರ ಮನೆಯವರನ್ನು ಒಳಗೆ ಬಿಡುತ್ತಿದ್ದರು. ಕುಂಕುಮ ಬೂದುಗುಂಬಳಗಳ ಆ ಹಬ್ಬದಲ್ಲಿ ತಂದೆಯವರು ಒಂದು ಪಕ್ಕಕ್ಕೆ ನಿಂತು, ಪೂಜೆ ಮುಗಿದ ಮೇಲೆ ಕೊಬ್ಬರಿ ಮಂಡಕ್ಕಿಗಳನ್ನು ಎಲ್ಲರೊಡನೆ ಸಂತೋಷವಾಗಿಯೇ ತಿನ್ನುತ್ತಿದ್ದರು. ಹಾಗೊಂದು ದಿನ ತಮ್ಮ ಕೆಲಸದ ಜಾಗವನ್ನು ನನಗೆ ತೋರಿಸಿದರು. ಕುಲುಮೆಯಿಂದ ಹರಿದು ಬರುವ ಕಬ್ಬಿಣದ ದ್ರವವನ್ನು ಹಿಡಿದು ಅಚ್ಚುಗಳಿಗೆ ಹೊಯ್ಯುವ ಆಳೆತ್ತರದ ಉಕ್ಕಿನ ಕೊಳಗಗಳು ಅಲ್ಲಿದ್ದುವು. ಅವುಗಳಿಗೆ ಲೇಡಲ್ ಎಂದು ಹೆಸರು. ಅವುಗಳ ಒಳಮೈಗೆ ಬೆಂಕಿ ತಡೆಯುವ ಇಟ್ಟಿಗೆಯನ್ನು ಕಟ್ಟಿ, ಮೇಲೆ ಮಣ್ಣಿನ ಲೇಪ ಹಚ್ಚಿ, ಒಣಗಿಸಿ, ಕಾಯಿಸಿ ಕುಲುಮೆಯವರಿಗೆ ಒಪ್ಪಿಸುವ ತಂಡದಲ್ಲಿ ತಂದೆಯವರಿದ್ದರು.

“ಇದರಲ್ಲಿ ಕಷ್ಟದ್ದು ಯಾವುದು ಗೊತ್ತೇನೋ?” ಎಂದು ಕೇಳಿದರು. ಇಟ್ಟಿಗೆ ಕಟ್ಟುವುದಿರಬೇಕೆಂದೆ.

“ಅಲ್ಲ. ಒಣಗಿಸೋದು. ಕಣ್ಣಿಗೆ ಒಣಗಿದ ಹಾಗೇ ಕಾಣುತ್ತೆ. ಇಟ್ಟಿಗೆ ಸಂದೀಲಿ ಒಂದು ಲೋಟ ನೀರಿನ ಪಸೆ ಉಳಿದಿದ್ದರೂ ಸಾಕು, ಕಬ್ಬಿಣ ಬಿದ್ದ ತಕ್ಷಣ ಆವಿಯಾಗಿ ಸಿಡಿಯುತ್ತೆ. ಸಿಡಿದರೆ ಲೇಡಲ್‍ಗೆ ಏನೂ ಆಗೋಲ್ಲ, ಸುತ್ತ ನಿಂತೋರಿಗೆ ಆಗೋದು.” ಹೀಗೆ ಹೇಳಿ, ತಮ್ಮ ಎಡ ಮೊಳಕೈಯ ಮೇಲಿದ್ದ ನಾಲ್ಕು ಬಿಳಿಯ ಚುಕ್ಕೆಗಳನ್ನು ತೋರಿಸಿದರು. ಅವು ಹುಟ್ಟುಮಚ್ಚೆಗಳೆಂದೇ ನಾನು ಅದುವರೆಗೆ ತಿಳಿದಿದ್ದೆ. ಕೊಳಗದೊಳಗೆ ಗಂಟೆಗಟ್ಟಲೆ ಬೆಂಕಿಯಿಟ್ಟು ಕಾಯಿಸುವರಂತೆ. ಕಾದ ಕೊಳಗವನ್ನು ಆರಲು ಬಿಡಬಾರದಂತೆ. ಕುಲುಮೆ ಯಾವ ಗಳಿಗೆಯಲ್ಲಿ ಬಾಯಿ ತೆರೆಯುತ್ತದೆಯೋ ಆ ಗಳಿಗೆಗೆ ಅದು ಒಣಗಿ ಬಿಸಿಯಾಗಿ ಅದರ ಬುಡದಲ್ಲಿರಬೇಕಂತೆ.

ಪೌಲನು ತಿಮೊಥೆಯನಿಗೆ ಬರೆದ ಎರಡನೆಯ ಪತ್ರದ ಎರಡನೆಯ ಅಧ್ಯಾಯದಲ್ಲಿ ದೊಡ್ಡ ಮನೆಯೊಂದರ ಪಾತ್ರೆಗಳ ಮಾತು ಬರುತ್ತದೆ: ಚಿನ್ನದ್ದೂ ಇದೆ, ಬೆಳ್ಳಿಯದೂ ಇದೆ, ಮರದ್ದು ಮಣ್ಣಿನದೂ ಇದೆ, ತನ್ನನ್ನು ಶುದ್ಧಮಾಡಿಕೊಂಡವನು ಯಜಮಾನನ ಬಳಕೆಗೆ ಒದಗುವ ಪಾತ್ರೆಯಾಗುವನೆಂಬುದು ಅಲ್ಲಿಯ ಭಾವ. ನಾನು ಸ್ಥಳೀಯ ಪ್ರಸಂಗಿಯಾಗಬೇಕೆಂದು ಹದಿನೆಂಟನೆಯ ವಯಸ್ಸಿನಲ್ಲಿ ನಮ್ಮ ಸಭೆಯ ಪಾದ್ರಿಗಳಾದ ಅಯ್ಯನವರ ಬಳಿ ಅಭ್ಯಾಸಕ್ಕೆ ಹೋದಾಗ ನನ್ನ ಮೊದಲ ಪ್ರಸಂಗಕ್ಕೆ ಆರಿಸಿಕೊಂಡುದು ಇದೇ ಭಾಗ. ಅಜ್ಜಿಯ ಬಟ್ಟಲೂ ತಂದೆಯವರ ಲೇಡಲ್ಲೂ ಇದ್ದಂಥ ಹುಡುಗನಿಗೆ ದೃಷ್ಟಾಂತಗಳಿಗೆ ಬರವೇ?

ಬರವಿದ್ದುದು ಅಂಗಿಗೆ. ಪೀಠದ ಮೇಲೆ ನಿಲ್ಲಲು ನನ್ನಲ್ಲಿ ತಕ್ಕ ಅಂಗಿಯಿರಲಿಲ್ಲ. ಇದ್ದ ಎರಡರಲ್ಲಿ ಒಂದರ ಕಾಲರು ಸವೆದಿತ್ತು, ಇನ್ನೊಂದಕ್ಕೆ ಕಾಲೇಜಿನ ಪ್ರಯೋಗಶಾಲೆಯ ಆಸಿಡ್ ಬಿದ್ದು ತೂತಾಗಿತ್ತು. ಗಾಂಧಿಬಜಾರಿನ ದರ್ಜಿಯೊಬ್ಬನಲ್ಲಿ ಬಿಳಿಯ ಪಾಪ್ಲಿನ್ ಬಟ್ಟೆಯ ಅಂಗಿಗೆ ಅಳತೆ ಕೊಟ್ಟುಬಿಟ್ಟೆ. ಬಟ್ಟೆ ಮಜೂರಿಗಳೆರಡೂ ಸೇರಿ ಆದ ಮೊತ್ತಕ್ಕೆ ನನ್ನ ಬಳಿ 3 ರೂಪಾಯಿ ಕಡಿಮೆ ಬಿದ್ದಿತು. ತಂದೆಯವರನ್ನು ಕೇಳಿದ್ದರೆ ಕೊಡುತ್ತಿದ್ದರು; ಕೇಳಲು ಅಭಿಮಾನ ಅಡ್ಡಬಂದಿತು. ಅಭಿಮಾನವೆಂಬ ಈ ಶಬ್ದವನ್ನು ನಾವು ಎಷ್ಟು ಉದಾರವಾಗಿ ಬಳಸಿಕೊಳ್ಳುತ್ತೇವೆ!

ನಮ್ಮ ಸಭೆಯಲ್ಲಿ ಹಿಡಿ ಅಕ್ಕಿಯ ಪದ್ಧತಿಯಿತ್ತು. ಮನೆಯ ಹೆಂಗಸು ಪ್ರತಿ ಹೊತ್ತು ಅನ್ನಕ್ಕೆ ಅಕ್ಕಿ ಅಳೆಯುವಾಗ ಒಂದು ಹಿಡಿಯನ್ನು ಬೇರೆ ಮಡಕೆಗೆ ಹಾಕುವಳು. ತಿಂಗಳ ಕೊನೆಯ ಭಾನುವಾರ ಅದೆಲ್ಲವೂ ದೇವಾಲಯಕ್ಕೆ ಬರುವುದು. ಸಣ್ಣಕ್ಕಿ, ದಪ್ಪಕ್ಕಿ, ನುಚ್ಚು, ಕಲ್ಲು ಎಲ್ಲವೂ ಬೆರೆತ ಆ ರಾಶಿಯನ್ನು ಆರಾಧನೆ ಮುಗಿದ ಮೇಲೆ ಜಗುಲಿಯಲ್ಲಿ ಸೇರಿನಿಂದ ಅಳೆದು ಹರಾಜು ಹಾಕಿ, ಬಂದ ಹಣವನ್ನು ಹಳ್ಳಿಗಳ ಸೇವೆಗೆ ಕಳುಹಿಸುತ್ತಿದ್ದರು. ಅಳೆಯುವವರು ಹಿರಿಯರು, ಲೆಕ್ಕ ಬರೆದು ಹಣ ಹಿಡಿಯುವವನು ನಾನು. 1958ರ ನವೆಂಬರಿನ ಹರಾಜಿನಲ್ಲಿ 18 ಸೇರು ಅಕ್ಕಿ ನಾಲ್ಕೈದು ಪಾಲುಗಳಾಗಿ ಹೋಗಿ ಬಂದದ್ದು 11 ರೂಪಾಯಿ. ಪುಸ್ತಕದಲ್ಲಿ ನಾನು ಬರೆದದ್ದು 8.

ಹಿಂದಿರುಗಿಸುವ ಉದ್ದೇಶವಿದ್ದಿತೆಂದು ಹೇಳಬಲ್ಲೆ. ಎಲ್ಲ ಕಳ್ಳರಿಗೂ ಇರುತ್ತದೆ.

ಡಿಸೆಂಬರಿನ ಮೊದಲ ಭಾನುವಾರ ಆ ಅಂಗಿಯನ್ನು ತೊಟ್ಟು, ಪಾತ್ರೆಗಳ ಶುದ್ಧಿಯ ವಿಷಯವಾಗಿ ನಾನು ಮಾಡಿದ ಪ್ರಸಂಗ ಅತ್ಯುತ್ತಮವಾಗಿ ನಡೆಯಿತು. ಓದುಗರು ಇನ್ನೊಂದು ವಿಧವನ್ನು ನಿರೀಕ್ಷಿಸಿರಬಹುದು. ನಾಲಗೆ ತೊದಲಿತೆಂದೋ, ಕಣ್ಣು ಕತ್ತಲಿಟ್ಟಿತೆಂದೋ ಬರೆದರೆ ಕಥೆಗೆ ಒಪ್ಪುತ್ತಿತ್ತು. ಅಂಥದೇನೂ ಆಗಲಿಲ್ಲ. ಲೇಡಲ್ಲಿನ ದೃಷ್ಟಾಂತ ಬಂದಾಗ, ನನಗಾಗಿಯೇ ಭದ್ರಾವತಿಯಿಂದ ಬಂದಿದ್ದ ತಂದೆಯವರು ತಲೆ ತಗ್ಗಿಸಿ ಕಣ್ಣೊರೆಸಿಕೊಂಡರು. ಅಯ್ಯನವರು ಬೆನ್ನು ತಟ್ಟಿದರು. ಪಸೆಯುಳಿದ ಕೊಳಗ ಕಬ್ಬಿಣ ಬಿದ್ದ ಗಳಿಗೆಗೇ ಸಿಡಿಯುತ್ತದೆ. ಮನುಷ್ಯನಾದರೋ ಹಾಗಲ್ಲ, ಅವನಲ್ಲಿ ಪಸೆಯೂ ಇದ್ದು ಕಬ್ಬಿಣವೂ ತುಂಬಿ, ಮೇಲೆ ಹೊಳೆಯುತ್ತ ಬಹುದೂರ ಸಾಗಿಹೋಗಬಹುದು. ದೃಷ್ಟಾಂತಗಳನ್ನು ನಂಬಬಾರದೆಂಬುದು ಅಂದಿನಿಂದ ನನ್ನ ಅಭಿಪ್ರಾಯ.

ಎರಡು ವಾರ ಕಳೆದಿರಬೇಕು. ಚಳಿಯ ಒಂದು ರಾತ್ರಿ, ಊಟಕ್ಕೆ ಕುಳಿತಿದ್ದಾಗ, ಒಬ್ಬ ಹುಡುಗ ಓಡಿಬಂದು ಕರೆದನು. ನಮ್ಮ ಸಭೆಯಲ್ಲಿ ಸೌದೆ ಮಾರಿ ಬದುಕುತ್ತಿದ್ದ ಒಬ್ಬ ಮುದುಕಿಯಿದ್ದಳು. ಕೆಮ್ಮು ಜ್ವರ ಏರಿ ಆಕೆಯನ್ನು ಮೆಗ್ಗಾನ್ ಆಸ್ಪತ್ರೆಗೆ ಸೇರಿಸಿದ್ದರು. ಅಯ್ಯನವರು ಹಳ್ಳಿಯ ಪ್ರವಾಸದಲ್ಲಿದ್ದರು. “ಮೊನ್ನೆ ಪ್ರಸಂಗ ಮಾಡಿತಲ್ಲ ಆ ಮಗು, ಅದನ್ನೇ ಕರೀರಿ” ಎಂದಳಂತೆ. ನಾನು ಹೋದೆ. ಅಜ್ಜಿ ಒಂದು ಫ್ಲಾಸ್ಕಿನಲ್ಲಿ ಗಂಜಿ ತುಂಬಿಕೊಟ್ಟರು.

ವಾರ್ಡಿನ ಮಂದಬೆಳಕಿನಲ್ಲಿ ಆಕೆ ಕಬ್ಬಿಣದ ಮಂಚದ ಮೇಲೆ, ಬೆನ್ನಿಗೆ ದಿಂಬು ಕೊಟ್ಟುಕೊಂಡು ಒರಗಿದ್ದಳು. ಸೌದೆ ಸೀಳಿ ಸೀಳಿ ಒರಟಾದ ಕೈ. ಹೆಬ್ಬೆರಳ ಉಗುರು ಅರ್ಧ ಕಪ್ಪಗೆ ಸತ್ತಿತ್ತು. ಆ ಕೈಯಿಂದ ನನ್ನ ಅಂಗಿಯ ತೋಳನ್ನು ಸವರಿ ನೋಡಿ, “ಹೊಸದಾ ಮಗಾ? ಚೆಂದ ಐತೆ” ಎಂದಳು. ಪ್ರಾರ್ಥನೆ ಮಾಡಲೇ ಎಂದು ಕೇಳಿದೆ. “ಮಾಡುವಂತೆ, ಕೂತ್ಕೋ. ಹೋದ ತಿಂಗಳ ಅಕ್ಕಿ ಹರಾಜಿಗೆ ನಾನು ಬರೋಕಾಗಲಿಲ್ಲ. ಎಷ್ಟಕ್ಕೆ ಹೋಯ್ತು?”

ಯಾವ ದೇವಶಾಸ್ತ್ರದ ಪ್ರಶ್ನೆಗೂ ನಾನು ಸಿದ್ಧನಾಗಿದ್ದೆ. ಮರಣದ ಭಯಕ್ಕೆ, ಪಾಪಕ್ಷಮೆಗೆ, ಪುನರುತ್ಥಾನಕ್ಕೆ ಸಂಬಂಧಪಟ್ಟ ವಾಕ್ಯಗಳು ದಾರಿಯುದ್ದಕ್ಕೂ ನನ್ನ ಬಾಯಲ್ಲಿ ಆಡುತ್ತಿದ್ದುವು. ಕೇಳಿದುದು ಒಂದು ಸಂಖ್ಯೆಯನ್ನು. ನಾನು “ಎಂಟು ರೂಪಾಯಿ” ಎಂದೆ.

ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಎಂಟೇನಾ? ಅದರ ಹಿಂದಿನ ತಿಂಗಳು ಹತ್ತರ ಮೇಲೆ ಬಂದಿತ್ತಲ್ಲ” ಎಂದು ಲೆಕ್ಕ ಹಾಕಿ, ಆಮೇಲೆ ತನಗೆ ತಾನೇ ತಲೆಯಾಡಿಸಿ, “ನನ್ನಿಂದಾನೇ ಆಗಿದ್ದು. ಮೈ ಸರಿಯಿಲ್ಲದೆ ಒಲೆ ಹಚ್ಚಲಿಲ್ಲ ಎಷ್ಟೋ ದಿವಸ. ಒಲೆ ಹಚ್ಚದಿದ್ದ ಮೇಲೆ ಹಿಡಿ ಎಲ್ಲಿಂದ ತೆಗೀಲಿ? ನನ್ನ ಪಾಲು ಕಮ್ಮಿಯಾಯ್ತು. ಸ್ವಾಮಿ ತಪ್ಪು ತಿಳ್ಕೋಬಾರದು, ಅದನ್ನೂ ಸೇರಿಸಿ ಪ್ರಾರ್ಥನೆ ಮಾಡಪ್ಪ” ಎಂದಳು.

ನನ್ನ ಬಾಯಿಂದ ಒಂದು ಮಾತೂ ಹೊರಡಲಿಲ್ಲ. ಆಕೆಯ ಕೈ ನನ್ನ ತೋಳಿನ ಮೇಲೆಯೇ ಇದ್ದಿತು. ಕೊನೆಗೆ, ನಾನು ಅಳುತ್ತಿರುವುದು ತನ್ನ ಕಾಯಿಲೆಯನ್ನು ಕಂಡೇ ಎಂದು ಬಗೆದು, ಆಕೆಯೇ ಕಣ್ಣುಮುಚ್ಚಿ ಕರ್ತನು ಕಲಿಸಿದ ಪ್ರಾರ್ಥನೆಯನ್ನು ಪೂರ್ತಿಯಾಗಿ ಹೇಳಿ, ಗಂಜಿ ಕುಡಿದು, ನನ್ನನ್ನು ಮನೆಗೆ ಕಳುಹಿಸಿದಳು.

ಅಯ್ಯನವರು ಹಿಂದಿರುಗಿದ ದಿನವೇ ಹೋಗಿ ಎಲ್ಲವನ್ನೂ ಹೇಳಿದೆ. ಬಯ್ಯುವರೆಂದುಕೊಂಡಿದ್ದೆ, ಬಯ್ಯಲಿಲ್ಲ. ಮುಂದಿನ ಪ್ರಸಂಗ ಯಾವಾಗ ಎಂದು ಕೇಳಿ, ತಮ್ಮ ಡೈರಿಯಲ್ಲಿ ನನ್ನ ಹೆಸರಿನ ಮೇಲೆ ಗೆರೆಯೆಳೆದರು. ಆ ಸಲದ ಹೊಸ ವರ್ಷದ ಮೊದಲ ಭಾನುವಾರ, ಅಂದರೆ 1959ರ ಜನವರಿ 4ರಂದು, ನಮ್ಮಲ್ಲಿ ಒಡಂಬಡಿಕೆಯ ಆರಾಧನೆಯಿದ್ದಿತು. ರಿಚರ್ಡ್ ಅಲೈನ್ ಎಂಬ ಪ್ಯೂರಿಟನ್ ಗುರುವಿನ ಬರಹದಿಂದ ತೆಗೆದು, ಜಾನ್ ವೆಸ್ಲಿ 1755ರಲ್ಲಿ ಲಂಡನ್ನಿನಲ್ಲಿ ಮೊದಲು ಸಾರ್ವಜನಿಕವಾಗಿ ನಡೆಸಿದ ಆ ವಿಧಿ, ಮೆಥಡಿಸ್ಟರ ಮನೆಯ ಆಸ್ತಿಯಾಗಿ ದಕ್ಷಿಣ ಇಂಡಿಯಾ ಸಭೆಗೂ ಬಂದುದು. ವಿಶ್ವಾಸಿಯು ಅದರಲ್ಲಿ ದೇವರ ಕೈಗೆ ತನ್ನನ್ನು ಪೂರ್ತಿಯಾಗಿ ಒಪ್ಪಿಸುತ್ತಾನೆ. ಕೆಲಸಕ್ಕೆ ಹಚ್ಚಿದರೂ ಸರಿ, ಕೆಲಸದಿಂದ ತೆಗೆದು ಪಕ್ಕಕ್ಕಿಟ್ಟರೂ ಸರಿಯೆಂದು ಒಪ್ಪುತ್ತಾನೆ. ಆ ಎರಡನೆಯ ಮಾತನ್ನು ನಾನು ಚಿಕ್ಕಂದಿನಿಂದ ಹೇಳುತ್ತ ಬಂದಿದ್ದರೂ ಅದು ಮುದುಕರಿಗಾಗಿ ಬರೆದುದೆಂದೇ ಎಣಿಸಿದ್ದೆ. ಹತ್ತೊಂಬತ್ತು ತುಂಬುವ ಮುನ್ನವೇ ಅದು ನನ್ನ ಪಾಲಿಗೆ ಬಂದಿತು.

ಪಕ್ಕಕ್ಕಿಡುವುದೆಂದರೆ ಸುಮ್ಮನೆ ಕೂರಿಸುವುದೆಂದು ಅಯ್ಯನವರು ತಿಳಿದಿರಲಿಲ್ಲ. ವರ್ಷವಿಡೀ ನಾನು ಅಜ್ಜಿಯ ಕೈಕೆಳಗೆ ಸಂಸ್ಕಾರದ ಪಾತ್ರೆಗಳನ್ನು ತೊಳೆಯಬೇಕೆಂದು ಕಟ್ಟಳೆಯಾಯಿತು. ಬೆಳ್ಳಿಯ ಮುಲಾಮಿಗೆ ಹುಣಿಸೆ ಬೂದಿಗಳು ಕೂಡವು, ವಿಭೂತಿಯಂಥ ನುಣ್ಣನೆಯ ಸುಣ್ಣದ ಪುಡಿಯೇ ಬೇಕು. ಬಟ್ಟಲಿನ ಅಂಚಿನ ಒಳಮಡಿಕೆಯಲ್ಲಿ, ತುಟಿ ತಗಲುವ ಜಾಗದಲ್ಲಿ, ದ್ರಾಕ್ಷಾರಸದ ಒಂದು ಗೆರೆ ಕಣ್ಣಿಗೆ ಕಾಣದಂತೆ ಉಳಿದುಬಿಡುತ್ತದೆ, ಅದನ್ನು ಬೆರಳ ತುದಿಯಿಂದಲೇ ಹುಡುಕಬೇಕು. ಮೊದಲ ತಿಂಗಳು ಅಜ್ಜಿ ನಾನು ತೊಳೆದ ಬಟ್ಟಲನ್ನು ಮೂರು ಸಲ ಹಿಂದಕ್ಕೆ ಕೊಟ್ಟರು. ನನ್ನ ಅಪರಾಧದ ವಿಷಯವಾಗಿ ಅವರು ಕೊನೆಯವರೆಗೂ ಒಂದು ಮಾತನ್ನಾದರೂ ಆಡಿದವರಲ್ಲ. ತಂದೆಯವರು ಮಾತ್ರ ಒಮ್ಮೆ, ಸ್ಟೇಷನ್ನಿನಲ್ಲಿ ಗಾಡಿ ಕಾಯುತ್ತ, “ನನ್ನನ್ನ ಕೇಳಬಾರದಾಗಿತ್ತೇನೋ?” ಎಂದರು. ಅದನ್ನು ನೆನೆದಾಗ ಈಗಲೂ ಮುಖ ಬಿಸಿಯಾಗುತ್ತದೆ.

ಮುದುಕಿ ಗುಣವಾಗಿ ಮನೆಗೆ ಬಂದಳು. ಆಕೆಗೂ ಹೇಳಲೇಬೇಕೆಂದು ಅಯ್ಯನವರ ಆಜ್ಞೆಯಾಗಿದ್ದಿತು. ಸೌದೆಯ ಕಟ್ಟುಗಳ ನಡುವೆ ನಿಂತು, ನೆಲವನ್ನು ನೋಡುತ್ತ, ಬಂದದ್ದು ಹನ್ನೊಂದೆಂದೂ ಮೂರನ್ನು ನಾನು ತೆಗೆದುಕೊಂಡೆನೆಂದೂ ಹೇಳಿದೆ. ಆಕೆ ನನ್ನನ್ನು ದಿಟ್ಟಿಸಿ ನೋಡಿದಳು. ಆಮೇಲೆ ಮುಖವೆಲ್ಲ ಅರಳಿ, “ಹಂಗಾದರೆ ನನ್ನ ಪಾಲು ಕಮ್ಮಿಯಾಗಿರಲಿಲ್ಲ ಅನ್ನು!” ಎಂದಳು. ಆ ಬೀದಿಯಲ್ಲಿ ಹೋಗುತ್ತಿದ್ದ ಇಬ್ಬರನ್ನು ಕರೆದು, ಅಕ್ಕಿ ಹನ್ನೊಂದಕ್ಕೆ ಹೋಯಿತೆಂಬುದನ್ನು ಮಾತ್ರ ಹೇಳಿದಳು. ನನ್ನ ಮಾತನ್ನು ಅವರಿಗೆ ಹೇಳಲಿಲ್ಲ.

ಆಮೇಲೆ ನಾನು ಮತ್ತೆ ಪೀಠವೇರಿದೆ. ನಲವತ್ತು ವರ್ಷಗಳಿಗೂ ಮೇಲ್ಪಟ್ಟು ಶಿವಮೊಗ್ಗ ಭದ್ರಾವತಿಗಳ ಸುತ್ತಿನಲ್ಲಿ ಪ್ರಸಂಗ ಮಾಡಿದ್ದೇನೆ. ಪಾತ್ರೆಗಳ ವಾಕ್ಯವನ್ನು ಮಾತ್ರ ಇನ್ನೊಮ್ಮೆ ಆರಿಸಿಕೊಳ್ಳಲಿಲ್ಲ. ತಂದೆಯವರ ಕಾರ್ಖಾನೆ ಹಲವು ಹೆಸರುಗಳನ್ನೂ ಒಡೆಯರನ್ನೂ ಕಂಡು, ಸರಿಯಾಗಿ ನೂರು ವರ್ಷ ತುಂಬಿದ 2023ರ ಜನವರಿಯಲ್ಲಿಯೇ ಅದನ್ನು ಮುಚ್ಚುವ ನಿರ್ಧಾರದ ಸುದ್ದಿ ಬಂದಾಗ, ನಿವೃತ್ತ ಕೆಲಸಗಾರರೊಬ್ಬರು ನನ್ನ ಬಳಿ ಅತ್ತರು. ಪಕ್ಕಕ್ಕಿಡಲ್ಪಡುವುದರ ವಿಷಯವಾಗಿ ಏನಾದರೂ ಹೇಳಬಹುದಿತ್ತು. ಹೇಳದೆ, ಅವರಿಗೆ ಕಾಫಿ ಮಾಡಿಕೊಟ್ಟೆ.

ಕಳೆದ ವರ್ಷ ದೇವಾಲಯದ ಹಳೆಯ ಕಾಗದಗಳನ್ನು ವಿಂಗಡಿಸುವ ಕೆಲಸಕ್ಕೆ ತರುಣರು ನನ್ನನ್ನು ಕರೆದಿದ್ದರು. ಗೆದ್ದಲು ತಿಂದ ಒಂದು ಪುಸ್ತಕದಲ್ಲಿ 1959ರ ಜನವರಿಯ ಪುಟ ಉಳಿದಿದೆ. ಅಯ್ಯನವರ ಓರೆಯ ಅಕ್ಷರದಲ್ಲಿ, ನೀಲಿಯ ಶಾಯಿಯಲ್ಲಿ, ಒಂದು ಸಾಲು: ಹಿಡಿ ಅಕ್ಕಿ, ನವೆಂಬರಿನ ಬಾಕಿ, ರೂ. 3. ಯಾರಿಂದ ಬಂದಿತೆಂಬುದನ್ನು ಬರೆಯಬೇಕಾದ ಕಾಲಮ್ಮು ಖಾಲಿಯಿದೆ.